ಬೋರಲು ಹಾಕಿದ ಚಪ್ಪಲಿ

ಪಕ್ಕದ ಮನೆಯವರು ಇವತ್ತು ತಮ್ಮ ದೊಡ್ಡ ನಾಯಿಯನ್ನು ಒಳಗೆ ಕೂಡಿಹಾಕಿ, ಬೀಗ ಹಾಕಿಕೊಂಡು ಹೋದರು. ಅದು ಊಳಿಡತೊಡಗಿದ್ದೇ ತಡ, ನನ್ನ ಕೈ ತಾನಾಗಿಯೇ ಬಾಗಿಲ ಬಳಿಯ ಚಪ್ಪಲಿಯನ್ನು ಬೋರಲು ಹಾಕಿತು.

ಜಗಳೂರಿನ ನಮ್ಮನೆಯಲ್ಲಿ ಅಜ್ಜಿ ಹಾಗೆ ಮಾಡುತ್ತಿದ್ದಳು. ನಾಯಿ ಊಳಿಟ್ಟರೆ ಮನೆಯಲ್ಲಿ ಸಾವು, ಚಪ್ಪಲಿ ಬೋರಲು ಹಾಕಿದರೆ ಊಳೂ ನಿಲ್ಲುತ್ತದೆ, ಸಾವೂ ತಪ್ಪುತ್ತದೆ ಅಂತ ಅವಳ ನಂಬಿಕೆ.

ನನ್ನ ಚಿಕ್ಕಂದಿನಲ್ಲಿ ಒಮ್ಮೆ ಅಜ್ಜ ಜ್ವರ ಬಂದು ಮಲಗಿದ್ದ. ಅವನ ನಾಯಿ ರಾಜ, ಕರುವಿನಷ್ಟು ದೊಡ್ಡದು. ಒಳಗೆ ಬರದಂತೆ ಅದನ್ನು ಹಿತ್ತಲ ಕಂಬಕ್ಕೆ ಕಟ್ಟಿದ್ದರು. ಮೂರು ದಿನ ಊಳಿಟ್ಟಿತು. ನಾನು ಹೆದರಿ ಎಲ್ಲರ ಚಪ್ಪಲಿಯನ್ನೂ ಬೋರಲು ಹಾಕಿದೆ, ಅಜ್ಜನದನ್ನೂ. ಊಳು ನಿಲ್ಲಲಿಲ್ಲ.

"ಕೇಳಾಕೆ ಆಗಲ್ಲ. ನಾಳೆ ಇದನ್ನ ಸೊಕ್ಕೆ ಊರಿನ ಆಚೆ ಬಿಟ್ಟು ಬರ್ತೀನಿ," ಅಂದ ಅಪ್ಪ.

ಒಳಗಿಂದ ಅಜ್ಜನ ಸಣ್ಣ ದನಿ ಬಂತು. "ಅದನ್ನ ಬಿಚ್ರೋ. ನನ್ನ ನೋಡಾಕೆ ಕೂಗ್ತೈತೆ."

ನಾನೇ ಹಿತ್ತಲಿಗೆ ಹೋಗಿ ಸರಪಳಿ ಬಿಚ್ಚಿದೆ. ರಾಜ ಓಡಿಹೋಗಿ ಅಜ್ಜನ ಮಂಚದ ಕೆಳಗೆ ಮಲಗಿತು. ಮತ್ತೆ ಊಳಿಡಲೇ ಇಲ್ಲ. ಗಂಡಾಂತರ ಕಳೆಯಿತು ಅಂದುಕೊಂಡೆವು.

ಎರಡು ದಿನದ ಮೇಲೆ ಅಜ್ಜ ಹೋದ. ಆಗಲೂ ಅದು ಸದ್ದು ಮಾಡಲಿಲ್ಲ. ಬಾಗಿಲಲ್ಲಿ ಅಜ್ಜನ ಚಪ್ಪಲಿ ಬೋರಲಾಗಿಯೇ ಬಿದ್ದಿತ್ತು.

ಈಗಷ್ಟೇ ಪಕ್ಕದ ಮನೆಯ ನಾಯಿ ಸುಮ್ಮನಾಯಿತು. ಚಪ್ಪಲಿ ನೆಟ್ಟಗೆ ಮಾಡೋಣವೆಂದರೆ ಕೈ ಬರುತ್ತಿಲ್ಲ.