ಒಂದನೇ ನಂಬರಿನ ಎಂಜಿನ್ನು, ನಮ್ಮ ಫೋರ್‌ಮನ್ನು

ಬಾಗಿಲು ದಾಟುತ್ತಲೇ ಮೂಗಿಗೆ ಬಂದದ್ದು ಡೀಸೆಲ್ಲಿನ ವಾಸನೆ. ರಾಜಾಜಿನಗರದ ನಮ್ಮ ಹಳೆಯ ಎಂಜಿನ್ ಕಾರ್ಖಾನೆಯ ಒಂದು ಶೆಡ್ಡನ್ನು ಈಗ ಮ್ಯೂಸಿಯಂ ಮಾಡಿದ್ದಾರೆ. ನೆಲಕ್ಕೆ ಟೈಲ್ಸ್ ಹಾಕಿ ಗೋಡೆಗೆ ಬಣ್ಣ ಬಳಿದರೂ ಆ ವಾಸನೆ ಮಾತ್ರ ಜಪ್ಪಯ್ಯ ಅಂದರೂ ಹೋಗಿಲ್ಲ. ಎಪ್ಪತ್ತರ ದಶಕದಲ್ಲಿ ನಾನು ಇಲ್ಲೇ ಸ್ಟೋರ್ಸಿನಲ್ಲಿ ಗುಮಾಸ್ತೆಯಾಗಿದ್ದೆ. ವಾಸನೆಯ ಹಿಂದೆಯೇ ನಮ್ಮ ಫೋರ್‌ಮನ್ ನೆನಪಾದರು...

ಕುರುಬರಹಳ್ಳಿಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ಯಾವ ಎಂಜಿನ್ನನ್ನೂ ನೇರವಾಗಿ ಸ್ಟಾರ್ಟ್ ಮಾಡಿದವರಲ್ಲ. ಮೊದಲು ಕೈಯಿಂದಲೇ ಚಕ್ರವನ್ನು ನಿಧಾನವಾಗಿ ಎರಡು ಸುತ್ತು ತಿರುಗಿಸಿ, ಒಳಗಿನ ಸದ್ದಿಗೆ ಕಿವಿಗೊಡುತ್ತಿದ್ದರು. "ಮಗು ಒದೀತಾ ಇದೆಯಾ ಸಾರ್?" ಎಂದು ಫಿಟ್ಟರುಗಳು ರೇಗಿಸಿದರೆ ನಕ್ಕುಬಿಡುತ್ತಿದ್ದರು.

ಒಂದು ವರ್ಷ, ಹೊರದೇಶದ ಬಿಡಿಭಾಗ ಒಂದೂ ಇಲ್ಲದ ಮೊದಲ ಎಂಜಿನ್ ನಮ್ಮಲ್ಲಿ ತಯಾರಾಯಿತು. ದಸರಾ ರಜೆ ಮುಗಿದ ಕೂಡಲೇ ದೊಡ್ಡ ಸಾಹೇಬರುಗಳ ಎದುರು ಅದನ್ನು ಚಾಲೂ ಮಾಡಬೇಕಿತ್ತು. ಶೆಡ್ಡಿಗೆ ನಾನೊಬ್ಬಳೇ ಹೆಂಗಸಾದ್ದರಿಂದ ಆಯುಧಪೂಜೆಯ ಅಲಂಕಾರ ನನ್ನ ಪಾಲಿಗೆ ಬಂತು. ಎಂಜಿನ್ನು ಗಾಳಿ ಎಳೆದುಕೊಳ್ಳುವ ಬಾಯಿಗೆ ಜಿಡ್ಡಿನ ಬಟ್ಟೆ ಕಟ್ಟಿದ್ದರು. ದೇವರ ಕೆಲಸಕ್ಕೆ ಈ ಕೊಳಕು ಬಟ್ಟೆಯೇ ಎಂದು ಅದನ್ನು ಬಿಚ್ಚಿ, ಸುತ್ತಲೂ ಕುಂಕುಮ ಇಟ್ಟೆ. ಮಂಗಳಾರತಿಯಾಗಿ ಎಲ್ಲರೂ ಅಕ್ಷತೆ ಹಾಕಿದ ಮೇಲೆ ಬಟ್ಟೆಯನ್ನು ಮತ್ತೆ ಕಟ್ಟಿದೆ.

ರಜೆ ಮುಗಿದ ದಿನ ಸಾಹೇಬರುಗಳು ಕೋಟು ಹಾಕಿಕೊಂಡು ಬಂದರು. ಫೋಟೋ ತೆಗೆಯುವವನೂ ಬಂದಿದ್ದ. ಫೋರ್‌ಮನ್ ಚಕ್ರ ತಿರುಗಿಸಿದರು, ಮತ್ತೊಮ್ಮೆ ತಿರುಗಿಸಿದರು, ಕೈಬಿಟ್ಟರು.

"ಇವತ್ತು ಆಗಲ್ಲ ಸಾರ್. ನನ್ನ ಕೆಲಸ ಸರಿಯಾಗಿಲ್ಲ" ಎಂದು ಕಡ್ಡಿ ಮುರಿದಂತೆ ಹೇಳಿ, ಅಷ್ಟು ಜನರ ಎದುರು ಬೈಸಿಕೊಂಡರು.

ಮಧ್ಯಾಹ್ನ ಎಂಜಿನ್ ಬಿಚ್ಚಿ ನೋಡಿದ ಮೇಲೆ ಸ್ಟೋರ್ಸಿನ ಕಿಟಕಿಗೆ ಬಂದು ಅಂಗೈ ತೆರೆದರು. ನಾಲ್ಕು ಅಕ್ಷತೆ ಕಾಳು. ವಾಲ್ವಿನ ಕೆಳಗೆ ಸಿಕ್ಕಿಕೊಂಡಿದ್ದವಂತೆ.

"ಬಟ್ಟೆ ಬಿಚ್ಚಿದ್ದು ನೀನೇನಮ್ಮಾ?"

ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ಆದರೂ, "ಹೂಂ ಸಾರ್. ನಾನೇ ಹೋಗಿ ಹೇಳ್ತೀನಿ" ಎಂದೆ.

"ಈಗ್ಲೇ ಬೇಡ. ನಿಂದು ಪರ್ಮನೆಂಟ್ ಆಗ್ಲಿ. ಆಮೇಲೆ ಇಬ್ರೂ ಹೋಗಿ ಬೈಸ್ಕೊಂಡು ಬರೋಣ."

ಎರಡು ದಿನ ಬಿಟ್ಟು ಎಂಜಿನ್ ಮೊದಲ ಸಲಕ್ಕೇ ಚಾಲೂ ಆಯಿತು. ಫೋರ್‌ಮನ್ನರಿಗೆ ಮಾತ್ರ ಅಂದು ಹತ್ತಿರ ಬರಬೇಡಿ ಎಂದು ಸಾಹೇಬರುಗಳು ಹೇಳಿದ್ದರು. ಮುಂದೆ ನನ್ನ ಕೆಲಸ ಕಾಯಂ ಆಯಿತು. ಹೋಗೋಣವೇ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ, ಅವರೂ ಜ್ಞಾಪಿಸಲಿಲ್ಲ... ಅಷ್ಟು ದೊಡ್ಡ ಮನಸ್ಸಿನವರನ್ನು ನಾನು ಮತ್ತೆ ಕಂಡಿಲ್ಲ. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು.

ಮ್ಯೂಸಿಯಂನ ಗೋಡೆಯ ಮೇಲೆ ಎಂಜಿನ್ ಚಾಲೂ ಆದ ದಿನದ ಫೋಟೋ ಇದೆ. ಹಾರ ಹಾಕಿದ ಎಂಜಿನ್, ಸುತ್ತ ಕೋಟಿನ ಸಾಹೇಬರು. ಎಲ್ಲ ತೋರಿಸುತ್ತಿದ್ದ ಹುಡುಗಿ, "ಇದನ್ನ ಮಾಡಿದವ್ರು ಇವ್ರೇ ಮೇಡಂ" ಎಂದಳು.

"ಅಲ್ಲಮ್ಮ" ಎಂದೆ. "ಮಾಡಿದವ್ರು ಇದರಲ್ಲಿಲ್ಲ. ಇಲ್ಲದೇ ಇರೋದಕ್ಕೆ ನಾನೇ ಕಾರಣ. ಪೆನ್ನಿದ್ರೆ ಬರ್ಕೋ, ಅವ್ರ ಹೆಸರು ಹೇಳ್ತೀನಿ."