ಕುರ್ಚಿ ಜಪ್ತಿ

ನಮ್ಮ ಮನೆತನದಲ್ಲಿ ಸತ್ತವರನ್ನು ಸ್ವಂತ ಜಮೀನಿನಲ್ಲೇ ಮಣ್ಣು ಮಾಡುತ್ತೇವೆ. ಮರಳವಾಡಿ ಕಡೆಯ ಹೊಲದ ಮೂಲೆಯಲ್ಲಿ ನಮ್ಮ ದೊಡ್ಡಪ್ಪ ಮಲಗಿದ್ದ. ಪಕ್ಕದಲ್ಲೇ ತನ್ನ ಜಾಗವನ್ನೂ ದೊಡ್ಡಮ್ಮ ಕಣ್ಣಲ್ಲಿ ಗುರುತು ಮಾಡಿಕೊಂಡಿದ್ದಳು. ಆಮೇಲೆ ಅವರ ಹೊಲ ಪೂರ್ತಿ ರಸ್ತೆಗೆ ಹೋಯಿತು. ದೊಡ್ಡಪ್ಪನ ಮೇಲೆ ಈಗ ಲಾರಿಗಳು ಓಡಾಡುತ್ತವೆ. ಸರ್ಕಾರ ಕೊಟ್ಟ ಪುಡಿಗಾಸಿಗೆ ಎಲ್ಲೂ ಜಮೀನು ಸಿಗಲಿಲ್ಲ. ಮಕ್ಕಳಿಲ್ಲದ ದೊಡ್ಡಮ್ಮ ನಮ್ಮ ಮನೆಗೆ ಬಂದಳು, ಜೊತೆಗೆ ಪರಿಹಾರ ಸಾಲದೆಂದು ಅವಳು ಹಾಕಿದ್ದ ಕೇಸೂ ಬಂತು. ಅವಳಿಗೆ ಬೇಕಿದ್ದುದು ಇಷ್ಟೇ: ಪರಿಹಾರ ಹೆಚ್ಚಿಗೆ ಬಂದರೆ ಎರಡು ಗುಂಟೆ ಕೊಳ್ಳುವುದು, ಸತ್ತಾಗ ತನ್ನ ಮಣ್ಣಲ್ಲಿ ಮಲಗುವುದು.

ಕೋರ್ಟು ಅವಳ ಪರ ತೀರ್ಪು ಕೊಟ್ಟು ಪರಿಹಾರ ಏರಿಸಿತು. ದುಡ್ಡು ಕೊಡಬೇಕಾದ ಕಚೇರಿಯವರು ಬಿಡಿಗಾಸು ಬಿಚ್ಚಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ! ಕಚೇರಿ ಯಾವುದೆಂದು ಹೇಳುವುದಿಲ್ಲ, ಹೇಳಿದರೆ ಬಾಯಿ ತೊಳೆದುಕೊಳ್ಳಬೇಕು. ಕೊನೆಗೆ ಕೋರ್ಟು ಅವರ ಸಾಮಾನು ಜಪ್ತಿಗೆ ಆದೇಶ ಮಾಡಿತು. ಜಪ್ತಿ ಮಾಡಲು ಬಂದ ಕೋರ್ಟಿನ ಅಮೀನರು, "ಸಾಗ್ಸಾಕೆ ಟೆಂಪೋ, ಕೂಲಿಯೋರು ಎಲ್ಲಾ ನಿಮ್ದೇ ಕಣಪ್ಪ" ಅಂದರು. ಗೆದ್ದವರೇ ಬಾಡಿಗೆ ಕೊಡಬೇಕಂತೆ. ಕೊಟ್ಟೆ.

ಹೋಗಿ ನೋಡಿದರೆ, ಥೂ, ಅವರಿಗೆ ಸುದ್ದಿ ಮೊದಲೇ ಮುಟ್ಟಿತ್ತು. ತಿರುಗುವ ಕುರ್ಚಿಗಳನ್ನೂ ಕಂಪ್ಯೂಟರ್‌ಗಳನ್ನೂ ಒಳಕೋಣೆಗೆ ತುಂಬಿ ಬೀಗ ಜಡಿದಿದ್ದರು. ನಮಗೆ ಬಿಟ್ಟಿದ್ದು ಕಾಲು ಮುರಿದ ಕುರ್ಚಿಗಳು, ತುಕ್ಕು ಹಿಡಿದ ಒಂದು ಬೀರು. ಸಾಹೇಬರು ನಿಂತುಕೊಂಡೇ ಕಾಫಿ ಕುಡಿಯುತ್ತಿದ್ದರು. "ಬಡ್ಡಿ ಬೆಳೀತಾ ಐತೆ ಸಾ, ಕೊಟ್ಬುಡಿ" ಅಂದೆ. "ಬೆಳೀಲಿ ಬಿಡ್ರೀ, ನನ್ನ ಜೇಬಿಂದ ಕೊಡ್ತೀನಾ?" ಅಂದರು. ನಾನು ಕೊಳ್ಳುವ ಬೆಂಕಿಪೊಟ್ಟಣದ ತೆರಿಗೆಯೂ ಆ ಬಡ್ಡಿಗೇ ಹೋಗುತ್ತದೆ ಅನ್ನುವುದು ಆಗ ನೆನಪಾಯಿತು.

ಸರ್ಕಾರದ ವಕೀಲರು ಮೇಲಿನ ಕೋರ್ಟಿಗೆ ಹೋಗಿ ತಡೆ ತಂದರು. ಆ ಮುರುಕು ಕುರ್ಚಿಗಳನ್ನು ವಾಪಸ್ ಇಳಿಸಿ ಬಂದೆವು, ಅದಕ್ಕೂ ನಮ್ಮದೇ ಟೆಂಪೋ. ದೊಡ್ಡಮ್ಮ ಊಟ ಬಿಟ್ಟು ಕೂತಳು. "ಹೋಗ್ಲಿ ಬುಡು ದೊಡ್ಡವ್ವ, ನನ್ನ ಹೊಲದಾಗೇ ನಿಂಗೆ ಜಾಗ ಮಡಗಿವ್ನಿ" ಅಂದೆ. ದಾಯಾದಿ ಹೊಲ ಎಂದು ಮೂಗು ಮುರಿದಳು. ಆದರೂ ಒಂದು ಸಂಜೆ ಹೋಗಿ ನಾನು ಜಾಗ ತೋರಿಸಿದ್ದ ಹುಣಸೆಮರದ ಬುಡ ನೋಡಿ ಬಂದಳು.

ಕಳೆದ ವರ್ಷ ರಸ್ತೆ ಅಗಲ ಮಾಡಲು ನನ್ನ ಹೊಲವೂ ಬೇಕೆಂದು ಅದೇ ಕಚೇರಿಯವನೊಬ್ಬ ಮನೆಗೆ ಬಂದ. "ಕೋರ್ಟ್‌ನೋರು ರೇಟು ಏರ್ಸಿ ಏರ್ಸಿ ಖಜಾನೆ ಖಾಲಿ ಆಯ್ತಾ ಐತೆ. ಈಗ ಹೊಸ ಪಾಲಿಸಿ. ಕೋರ್ಟ್‌ಗೆ ಹೋಗಲ್ಲ ಅಂತ ಬರ್ಕೊಡಿ, ಬಿರ್‍ನೆ ದುಡ್ಡು. ಇಲ್ದಿದ್ರೆ ಈ ಅಜ್ಜಿ ಥರ ಅಲೀತಾ ಇರಿ" ಅಂದ. ತಾವೇ ಸತಾಯಿಸಿ, ಆ ಸತಾಯಿಸಿದ್ದನ್ನೇ ಈಗ ಬೆದರಿಕೆ ಮಾಡಿಕೊಂಡಿದ್ದರು! ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ತಡೆದುಕೊಂಡು, "ದೊಡ್ಡವ್ವನ ಎರಡು ಗುಂಟೆ ಬುಟ್ಟು ಮಿಕ್ಕಿದ್ದು ತಗೊಳ್ಳಿ" ಅಂದೆ.

"ಅದೆಲ್ಲ ಆಗಾಕಿಲ್ಲ."

ಜಗುಲಿಯ ಮೇಲಿದ್ದ ದೊಡ್ಡಮ್ಮ ಎಲೆಅಡಿಕೆ ಉಗಿದು ನನ್ನ ಕಡೆ ತಿರುಗಿದಳು. "ಸೈನ್ ಹಾಕ್ಬುಡು ಮಗ. ಸತ್ರೆ ನನ್ನ ಸುಟ್ಬುಡು. ಬೂದಿಗೆ ಯಾವ ಗುಂಟೆ ಬೇಕು?"

"ಅಜ್ಜಿಗೆ ಬುದ್ಧಿ ಐತೆ ಕಣ್ರೀ" ಅಂದು ಆತ ಪೆನ್ನಿನ ಕ್ಯಾಪು ತೆಗೆದು ನನ್ನ ಕೈಗಿಟ್ಟ.