ಹತ್ತು ಗುಲಗಂಜಿಯ ವ್ಯತ್ಯಾಸ

ಬಂದೂಕಿನ ಗುಂಡು ಎಷ್ಟು ತೂಕ ಇರಬೇಕು ಎಂಬ ವಿಷಯದಲ್ಲಿ ಅಚಲವಾದ ಅಭಿಪ್ರಾಯಗಳಿರುವುದು ಸಾಮಾನ್ಯವಾಗಿ ಗುಂಡು ಹಾರಿಸದವರಿಗೆ. ಈ ಮಾತನ್ನು ನಾನು ಅಧಿಕಾರವಾಣಿಯಿಂದಲೇ ಹೇಳಬಲ್ಲೆ, ಏಕೆಂದರೆ ಆ ವರ್ಗದ ಅಗ್ರಗಣ್ಯರಲ್ಲಿ ನಾನೂ ಒಬ್ಬ. ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ಮೂವತ್ತೆರಡು ವರ್ಷ ಭೌತಶಾಸ್ತ್ರ ಬೋಧಿಸಿ ನಿವೃತ್ತನಾದ ಮೇಲೆ, ಬೆಳಗಿನ ಕಾಫಿಗೂ ತಿಂಡಿಗೂ ನಡುವೆ ಹರಡಿಕೊಂಡಿರುವ ಆ ನಿರ್ಜನ ಪ್ರದೇಶವನ್ನು ದಾಟಲು ನಾನು ಹಿಡಿದ ಮಾರ್ಗ ಮೊಬೈಲಿನ ವಿಡಿಯೋಗಳದು. ನನ್ನ ಓರಗೆಯವರಿಗೆ ಅದೇ ಮೊಬೈಲಿನಲ್ಲಿ ಪ್ರಾಣಾಯಾಮ, ಪ್ರವಚನ, ಮಂಡಿನೋವಿಗೆ ಮೆಂತ್ಯದ ಚಿಕಿತ್ಸೆ ಮುಂತಾದ ಸಾತ್ವಿಕ ಪದಾರ್ಥಗಳು ದೊರೆತರೆ ನನಗೆ ಮಾತ್ರ ಅದ್ಯಾವ ಪೂರ್ವಜನ್ಮದ ಋಣವೋ, ಅಮೆರಿಕದ ಗಡ್ಡಧಾರಿ ಬೇಟೆಗಾರರು ಗಂಟುಬಿದ್ದರು. ಎತ್ತಿನ ಗಾತ್ರದ ಜಿಂಕೆಗಳಿಗೆ ಯಾವ ತೂಕದ ಗುಂಡು ಯೋಗ್ಯ ಎಂಬುದನ್ನು ಅವರು ಮದುವೆಗೆ ವರನನ್ನು ಹುಡುಕುವಷ್ಟು ಗಂಭೀರವಾಗಿ ಚರ್ಚಿಸುತ್ತಿದ್ದರು.

ನನ್ನ ಹೆಂಡತಿಗೆ ಇದು ಹಾಸ್ಯಾಸ್ಪದವಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ‘ಒಂದು ಜಿರಳೆ ಕಂಡ್ರೆ ನನ್ನ ಕೂಗ್ತೀರಿ, ನಿಮಗ್ಯಾಕ್ರೀ ಬೇಟೆ ಉಸಾಬರಿ?’ ಎಂದು ಅವಳು ಕೇಳಿದ್ದುಂಟು. ಆದರೆ ನನ್ನ ಆಸಕ್ತಿಗೆ ವಂಶಪಾರಂಪರ್ಯದ ಆಧಾರವಿತ್ತು. ಗೌರಿಬಿದನೂರು ತಾಲ್ಲೂಕಿನಲ್ಲಿ, ನಗರಗೆರೆಯಿಂದ ಆಚೆಗೆ, ಗುಟ್ಟೆ ಎಂದು ಕರೆಯುವ ಗುಡ್ಡದ ಬುಡದಲ್ಲಿರುವ ನಮ್ಮೂರಿನ ಮನೆಯಲ್ಲಿ ನಮ್ಮ ತಾತ ಯಾರೋ ಬಿಳಿಯ ದೊರೆಯಿಂದ ಕೊಂಡು ತಂದಿದ್ದ ಒಂದು ರೈಫಲ್ ಇತ್ತು. ಬೆರಳಿನಿಂದ ಎಳೆಯುವ ಅದರ ಕುದುರೆಯ ಸುತ್ತ ಒಂದು ಕಬ್ಬಿಣದ ಬಳೆ. ಆ ಬಳೆಯನ್ನು ಕೆಳಕ್ಕೆಳೆದು ಮೇಲಕ್ಕೊತ್ತಿದರೆ ಖಾಲಿ ತೋಟಾ ಆಚೆಗೆ ಹಾರಿ, ಹೊಸದು ಒಳಗೆ ಕುಳಿತುಕೊಳ್ಳುತ್ತದೆ. ಊರಿನವರ ಬಾಯಲ್ಲಿ ಅದು ತುಪಾಕಿ. ವಿಡಿಯೋದ ಗಡ್ಡಧಾರಿಗಳ ಕೈಯಲ್ಲಿದ್ದದ್ದೂ ಅದೇ ಜಾತಿಯದಾದ್ದರಿಂದ, ಸಮುದ್ರದಾಚೆಗೆ ನಮಗೆ ನೆಂಟರಿದ್ದಾರೆಂದು ತಡವಾಗಿ ತಿಳಿದವನ ಹಾಗೆ ನಾನು ಪುಳಕಿತನಾದೆ. ಅದನ್ನು ನಾನು ಹಾರಿಸಿದ್ದು ಜೀವಮಾನದಲ್ಲಿ ಒಂದೇ ಸಲ, ಇಪ್ಪತ್ತನೆಯ ವಯಸ್ಸಿನಲ್ಲಿ, ನಿಶ್ಚಲವಾಗಿ ನಿಂತಿದ್ದ ಒಂದು ಹುಣಸೆಮರದ ಮೇಲೆ. ಮರಕ್ಕೆ ಏನೂ ಆಗಲಿಲ್ಲ, ನನ್ನ ಭುಜ ಮಾತ್ರ ಎಂಟು ದಿನ ಊದಿಕೊಂಡಿತ್ತು.

ಪರವಾನಗಿ ಇದ್ದದ್ದು ದೊಡ್ಡಪ್ಪನ ಮಗ ಬಯ್ಯಣ್ಣನ ಹೆಸರಿನಲ್ಲಿ. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವನು, ಊರಿನಲ್ಲೇ ಉಳಿದು ಬೇಸಾಯ ಮಾಡುವವನು. ಬೆಳೆರಕ್ಷಣೆಗೆಂದು ಕೊಟ್ಟ ಪರವಾನಗಿಯಾದರೂ ಆ ತುಪಾಕಿ ಬೆಳೆಯನ್ನು ರಕ್ಷಿಸಿದ್ದಕ್ಕಿಂತ ಪೊಲೀಸರು ತುಪಾಕಿಯನ್ನು ರಕ್ಷಿಸಿದ್ದೇ ಹೆಚ್ಚು. ಚುನಾವಣೆ ಘೋಷಣೆಯಾದೊಡನೆ ಇಂಥ ಆಯುಧಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕೆಂಬ ಪದ್ಧತಿಯನ್ನು ಓದುಗ ಮಿತ್ರರು ಬಲ್ಲಿರಿ. ಪಂಚಾಯ್ತಿಗೊಮ್ಮೆ, ವಿಧಾನಸಭೆಗೊಮ್ಮೆ, ಲೋಕಸಭೆಗೊಮ್ಮೆ ನಮ್ಮ ತುಪಾಕಿ ಕೊರಳಿಗೆ ಚೀಟಿ ಕಟ್ಟಿಸಿಕೊಂಡು ಠಾಣೆಯ ಮೂಲೆ ಸೇರುತ್ತಿತ್ತು. ನಮ್ಮ ವಂಶದಲ್ಲಿ ಠಾಣೆಯ ಮೆಟ್ಟಿಲು ಹತ್ತಿದ ಏಕೈಕ ಸದಸ್ಯ ಅದೇ ಎಂದು ಬಯ್ಯಣ್ಣ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ನೀತಿಸಂಹಿತೆ ಜಾರಿಯಾದದ್ದು ಮತದಾರರಿಗೆ ತಿಳಿಯುತ್ತಿತ್ತೋ ಇಲ್ಲವೋ, ಗುಟ್ಟೆಯ ಕಾಡುಹಂದಿಗಳಿಗೆ ಹೇಗೋ ತಿಳಿದುಹೋಗುತ್ತಿತ್ತು.

ಆ ವರ್ಷವೂ ಹಾಗೆಯೇ ಆಯಿತು. ತುಪಾಕಿ ಠಾಣೆಯಲ್ಲಿದ್ದಷ್ಟು ಕಾಲ ಹಂದಿಗಳು ಬಯ್ಯಣ್ಣನ ಕಡಲೆಕಾಯಿ ಹೊಲವನ್ನು ನೇಗಿಲು ಹೂಡಿದಂತೆ ಉತ್ತುಹಾಕಿ, ಮುಸುಕಿನ ಜೋಳಕ್ಕೆ ಬಾಯಿ ಹಾಕಿದ್ದವು. ಕೊನೆಗೆ ತುಪಾಕಿ ಬಿಡುಗಡೆಯಾಗಿ ಮನೆಗೆ ಬಂತು. ಆಗ ಊರಿಗೆ ಹೋಗಿದ್ದ ನಾನು, ಹಂದಿಯನ್ನು ಹೊಡೆಯುವುದಾದರೆ ಮೊದಲು ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟು ಅನುಮತಿ ಪಡೆಯಬೇಕೆಂದು ಜ್ಞಾಪಿಸಿದೆ. ‘ಅರ್ಜಿ ಬರೋಗಂಟ ಹಂದಿ ಕಾಯ್ಕಂಡು ಕೂತಿರ್ತದೇನಪ್ಪಾ?’ ಎಂದ ಅವನು. ಆಮೇಲೆ ಬೀರುವಿನಿಂದ ಹಳೆಯ ಬಿಸ್ಕತ್ತಿನ ಡಬ್ಬಿಯೊಂದನ್ನು ತಂದು ನನ್ನ ಮುಂದಿಟ್ಟ. ಅದರಲ್ಲಿ ತೋಟಾಗಳ ಎರಡು ಪೊಟ್ಟಣಗಳಿದ್ದವು. ಒಂದರ ಮೇಲೆ ನೂರೈವತ್ತು ಗ್ರೇನ್, ಇನ್ನೊಂದರ ಮೇಲೆ ನೂರೆಪ್ಪತ್ತು ಗ್ರೇನ್ ಎಂದು ಬರೆದಿತ್ತು.

ಮಿತ್ರರೇ, ನನ್ನ ಬದುಕಿನಲ್ಲಿ ನನಗಾಗಿಯೇ ಹೇಳಿಮಾಡಿಸಿದಂಥ ಪ್ರಶ್ನೆ ಎದುರಾದದ್ದು ಅದೊಂದೇ ಸಲ. ಗ್ರೇನ್ ಎಂಬುದು ಗುಂಡಿನ ತೂಕದ ಅಳತೆ. ನಮ್ಮ ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಗುಲಗಂಜಿ ಹೆಚ್ಚುಕಡಿಮೆ ಎರಡು ಗ್ರೇನ್ ತೂಗುತ್ತದೆ. ಎಂದರೆ ಆ ಎರಡು ಪೊಟ್ಟಣಗಳ ಗುಂಡುಗಳಿಗೂ ಇದ್ದ ಅಂತರ ಹತ್ತೇ ಹತ್ತು ಗುಲಗಂಜಿ. ಆ ಹತ್ತು ಗುಲಗಂಜಿಯನ್ನು ಕುರಿತು ನಾನು ಜಗಲಿಯ ಮೇಲೆ ಕುಳಿತು ಮುಕ್ಕಾಲು ಗಂಟೆ ಉಪನ್ಯಾಸ ಮಾಡಿದೆ. ಹಗುರಾದ ಗುಂಡು ವೇಗವಾಗಿ ಹೋಗುತ್ತದೆ, ದಾರಿಯಲ್ಲಿ ಕಡಿಮೆ ಬಾಗುತ್ತದೆ, ವೇಗ ಹೆಚ್ಚಿದಂತೆ ಚಲನಶಕ್ತಿ ವರ್ಗದ ಪ್ರಮಾಣದಲ್ಲಿ ಏರುತ್ತದೆ ಎಂದು ಮುಂತಾಗಿ. ಬಯ್ಯಣ್ಣನದು ತಾತನ ಮಾತು: ಹಂದಿಯ ಭುಜದ ಮೇಲಿನ ಚರ್ಮ ಚಪ್ಪಲಿ ಅಟ್ಟೆಯ ಹಾಗೆ ಗಟ್ಟಿ, ಹಗುರದ ಗುಂಡು ಅಲ್ಲೇ ಒಡೆದುಹೋಗುತ್ತದೆ, ಭಾರದ್ದು ನಿಧಾನವಾಗಿ ಹೋದರೂ ಒಳಕ್ಕಿಳಿಯುತ್ತದೆ. ತಾತ ಕೊಂದ ಹಂದಿಗಳ ಸಂಖ್ಯೆ ಎಷ್ಟೋ ಗೊತ್ತಿಲ್ಲ, ನಾನು ಕೊಂದವುಗಳ ಸಂಖ್ಯೆ ಮಾತ್ರ ನಿಖರವಾಗಿ ಗೊತ್ತಿತ್ತು. ಆದರೂ ಗೆದ್ದದ್ದು ನಾನೇ. ‘ಓದ್ದೋನು ನೀನು. ನೀನ್ ಹೇಳ್ದಂಗೇ ಆಗ್ಲಿ ಬಿಡು,’ ಎಂದು ಅವನು ಹಗುರದ ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡ. ನಮ್ಮ ಮನೆಗಳಲ್ಲಿ ಇದೊಂದು ದುರಭ್ಯಾಸ. ಹೊಲದಲ್ಲಿ ಅರವತ್ತು ವರ್ಷ ಸವೆಸಿದವನು ಪಟ್ಟಣದಲ್ಲಿ ಓದಿ ಬಂದವನ ಮುಂದೆ ತನ್ನ ಕಣ್ಣಾರೆ ಕಂಡದ್ದನ್ನೂ ನುಂಗಿಕೊಳ್ಳುತ್ತಾನೆ, ಓದಿದವನು ಅದನ್ನು ತನಗೆ ಸಲ್ಲಬೇಕಾದ ಮರ್ಯಾದೆ ಎಂದುಕೊಳ್ಳುತ್ತಾನೆ.

ಮರುದಿನ ಬೆಳಗ್ಗೆ, ಬಿಸಿಲು ಗುಟ್ಟೆಯ ನೆತ್ತಿಯಿಂದ ಹೊಲಕ್ಕೆ ಇಳಿಯುವ ಹೊತ್ತಿಗೆ, ನಾವಿಬ್ಬರೂ ಜೋಳದ ಹೊಲದ ಈಚೆಗಿದ್ದ ಹೊಂಗೆಮರದ ಕೆಳಗಿದ್ದೆವು. ಒಂಟಿ ಹಂದಿಯೊಂದು ಸರುವಿನಿಂದ, ಎಂದರೆ ಹೊಲದಂಚಿನ ಹಳ್ಳದಿಂದ, ಹತ್ತಿಬಂದು ಬದುವಿನ ಮೇಲೆ ನಿಂತಿತು. ಬಯ್ಯಣ್ಣ ಹಾರಿಸಿದ. ಹಂದಿ ಮುಂಗಾಲು ಮಡಿಸಿ ಮುಗ್ಗರಿಸಿತು. ‘ತಗಿಲಿಂದಿ ರಾ!’ ಎಂದು ಕೂಗಿದ. ಏಟು ತಗುಲಿತು ಎಂದು. ಸಂತೋಷವಾದರೂ ಸಿಟ್ಟುಬಂದರೂ ನಮ್ಮ ಕಡೆಯವರಿಗೆ ಮೊದಲು ಬಾಯಿಗೆ ಬರುವುದು ತೆಲುಗೇ. ಆದರೆ ಹಂದಿ ಎದ್ದಿತು, ಒಂದು ಕಾಲನ್ನು ಎಳೆಯುತ್ತ ಆಳೆತ್ತರದ ಜೋಳದೊಳಗೆ ನುಗ್ಗಿತು. ಸ್ವಲ್ಪ ಹೊತ್ತು ಜೋಳದ ಗರಿಗಳು ಅಲ್ಲಾಡಿದವು, ಆಮೇಲೆ ನಿಂತವು.

ಇನ್ನು ಮುಂದಿನದನ್ನು ಬರೆಯುವಾಗ ಲಲಿತವಾಗಿ ಬರೆಯಲು ನನ್ನಿಂದಾಗದು. ಏಟು ತಿಂದ ಹಂದಿ ಹೊಲದೊಳಗೆ ಬದುಕಿದೆ ಎಂದು ನಮಗಿಬ್ಬರಿಗೂ ಗೊತ್ತಿತ್ತು. ಅದು ಎಷ್ಟು ಅಪಾಯದ್ದೆಂದು ನಮ್ಮೂರಿನ ಎಂಥವರಿಗೂ ಗೊತ್ತು. ಕೂಗಿ ಹೇಳಬೇಕಿತ್ತು. ಕೂಗಿದರೆ ಹೊಡೆದವರು ಯಾರೆಂಬುದು ಊರಿಗೆಲ್ಲ ತಿಳಿಯುತ್ತದೆ, ಅನುಮತಿಯ ಪ್ರಶ್ನೆ ಬರುತ್ತದೆ. ನಾವು ಕೂಗಲಿಲ್ಲ. ಹಂದಿ ತಾನಾಗಿಯೇ ಸಾಯುತ್ತದೆ, ಕಾಯೋಣ ಎಂದುಕೊಂಡೆವು. ಕಾಯುತ್ತ ನಿಂತವರು ಏನು ಮಾಡಿದೆವು ಎಂದರೆ, ಜಗಳವಾಡಿದೆವು. ‘ನಾನ್ ಹೇಳಲಿಲ್ವೇನೋ, ದಪ್ಪಗುಂಡು ಹಾಕೋಣ ಅಂತ? ಗುಂಡು ಒಳಕ್ಕೆ ಇಳೀಲೇ ಇಲ್ಲ ಕಣೋ!’ ಎಂದ ಬಯ್ಯಣ್ಣ. ಗುಂಡಿನ ದೋಷವಲ್ಲ, ಗುರಿಯ ದೋಷ ಎಂದೆ ನಾನು. ಅವನು ತಾತನನ್ನು ಸಾಕ್ಷಿಗೆ ಕರೆದ. ನಾನು ನ್ಯೂಟನ್ನನನ್ನು ಕರೆದೆ. ಮೊಬೈಲ್ ತೆಗೆದು ಎರಡು ಗುಂಡುಗಳ ವೇಗ, ತೂಕ, ಶಕ್ತಿಗಳನ್ನು ಗುಣಿಸಿ ತೋರಿಸಲು ಹೊರಟೆ. ಬಿಸಿಲಿಗೆ ಪರದೆ ಕಾಣುತ್ತಿರಲಿಲ್ಲವಾದ್ದರಿಂದ ಇಬ್ಬರೂ ಜೋಳದ ಕಡೆಗೆ ಬೆನ್ನು ಮಾಡಿ, ನೆರಳು ಮಾಡಿಕೊಂಡು ನಿಂತೆವು. ಹೀಗೆ ಅರ್ಧ ಗಂಟೆ ಹೋಗಿರಬೇಕು. ನನ್ನ ಲೆಕ್ಕ ಸರಿಯಾಗಿತ್ತು, ಈಗಲೂ ಬೇಕಾದರೆ ಪರಿಶೀಲಿಸಬಹುದು.

ಕಿರುಚಿದ ಸದ್ದು ಕೇಳಿ ತಿರುಗಿದೆವು. ಕಿರುಚಿದವಳು ಅಶ್ವತ್ಥಮ್ಮ, ಬಯ್ಯಣ್ಣನ ಹೊಲದಲ್ಲಿ ಮೊದಲಿನಿಂದಲೂ ಕಳೆ ಕೀಳುವವಳು. ತನ್ನ ಸೀಮೆಹಸುವಿಗೆ ದಿನವೂ ಬೆಳಗ್ಗೆ ನಮ್ಮ ಬದುಗಳ ಮೇಲೆ ಹುಲ್ಲು ಕೊಯ್ದುಕೊಳ್ಳುವುದು ಅವಳಿಗೆ ರೂಢಿಯಿಂದ ಬಂದ ಹಕ್ಕು. ಆ ದಿನ ಆಚೆ ಬದುವಿನ ಹುಲ್ಲು ಮುಗಿಸಿ, ಒಳಬದುವಿಗೆಂದು ಜೋಳದ ಮಧ್ಯೆ ಹಾದುಹೋಗುತ್ತಿದ್ದಳು. ನಾವು ಓಡಿಹೋಗುವಷ್ಟರಲ್ಲಿ ಹಂದಿ ಅವಳ ತೊಡೆಯಿಂದ ಮಂಡಿಯವರೆಗೆ ಸೀಳಿ ಹೋಗಿತ್ತು. ನನ್ನ ಪಂಚೆಯನ್ನು ಹರಿದು ಕಟ್ಟಿದೆ. ಹಾಲಿನ ಗಾಡಿಯಲ್ಲಿ ಮಲಗಿಸಿಕೊಂಡು ಗೌರಿಬಿದನೂರಿಗೆ ಒಯ್ದೆವು. ದಾರಿಯುದ್ದಕ್ಕೂ ಅವಳು ಹಸುವಿಗೆ ನೀರು ಕುಡಿಸಿಲ್ಲ, ಹಸುವಿಗೆ ನೀರು ಕುಡಿಸಿಲ್ಲ ಎನ್ನುತ್ತಿದ್ದಳು.

ವೈದ್ಯರು ಕೇಳಿದಾಗ ಬಯ್ಯಣ್ಣ ‘ಹಂದಿ ಹಾಯ್ತು ಸಾರ್’ ಎಂದ. ನಾನು ತಲೆಯಾಡಿಸಿದೆ. ಮಾತು ಪೂರ್ತಿ ನಿಜವೇ ಆಗಿತ್ತು. ಮರುದಿನ ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು, ಕಾಡುಹಂದಿ ದಾಳಿ, ಮಹಿಳೆಗೆ ಗಾಯ ಎಂದು. ಪತ್ರಿಕೆಯಲ್ಲಿ ದಿನವೂ ಒಂದಾದರೂ ತಪ್ಪು ಹುಡುಕಿ ಹೆಂಡತಿಗೆ ಓದಿಹೇಳುವ ನನಗೆ ಆ ನಾಲ್ಕು ಸಾಲಿನಲ್ಲಿ ಹೇಳುವಂಥದ್ದೇನೂ ಸಿಗಲಿಲ್ಲ. ಮೂರನೆಯ ದಿನ ಹಂದಿ ಸರುವಿನಲ್ಲಿ ಸತ್ತು ಬಿದ್ದಿತ್ತಂತೆ. ಬಯ್ಯಣ್ಣ ಒಬ್ಬನೇ ಹೋಗಿ ಹೂತುಬಂದ. ಗುಂಡು ಭುಜದ ಮೇಲ್ಪದರದಲ್ಲೇ ಚೂರಾಗಿತ್ತೆಂದು ಫೋನಿನಲ್ಲಿ ಹೇಳಿದ. ಆ ಸ್ಥಿತಿಯಲ್ಲೂ ‘ಯಾವ ಕೋನದಲ್ಲಿ ಬಡಿದಿತ್ತು?’ ಎಂಬ ಪ್ರಶ್ನೆ ನನ್ನ ನಾಲಗೆಯ ತುದಿಯವರೆಗೆ ಬಂದಿತ್ತು. ನನ್ನ ಬಗ್ಗೆ ನನಗೆ ಹೇಸಿಗೆಯಾದದ್ದು ಆಗ.

ಅಶ್ವತ್ಥಮ್ಮನ ಗಾಯ ಮಾಯಿತು, ಮಂಡಿ ಮಾತ್ರ ಮಡಿಸಲು ಬರುವುದಿಲ್ಲ. ಮಂಡಿ ಮಡಿಸಲಾರದವಳು ಕುಕ್ಕರಗಾಲಿನಲ್ಲಿ ಕೂರಲಾರಳು, ಕೂರಲಾರದವಳು ಹಾಲು ಕರೆಯಲಾರಳು, ಕಳೆ ಕೀಳಲಾರಳು. ಹಸುವನ್ನು ದಿಬ್ಬೂರಹಳ್ಳಿಯ ತಂಗಿಯ ಮನೆಗೆ ಹೊಡೆಸಿಕೊಟ್ಟಳು. ಇಷ್ಟನ್ನೂ ಬಯ್ಯಣ್ಣ ನನಗೆ ಕಂತುಕಂತಾಗಿ ತಿಳಿಸುತ್ತ ಬಂದ. ನಾವಿಬ್ಬರೂ ಆ ಬೆಳಗಿನ ಮಾತನ್ನು ಮಾತ್ರ ಎತ್ತಲಿಲ್ಲ. ನಾನು ಬೇಟೆಯ ವಿಡಿಯೋಗಳನ್ನು ನೋಡುವುದನ್ನು ಬಿಟ್ಟೆ. ಇದನ್ನು ತ್ಯಾಗವೆಂದು ಯಾರೂ ಭಾವಿಸಬಾರದು, ಅವರು ಗುಂಡಿನ ತೂಕದ ಮಾತೆತ್ತಿದರೆ ಹಾಲಿನ ಗಾಡಿ ಕಣ್ಣಮುಂದೆ ಬರುತ್ತಿತ್ತು.

ಒಂದು ವರ್ಷ ಕಳೆದ ಮೇಲೆ ಅವಳಿಗೆ ನಿಜ ಹೇಳಿಬಿಡಬೇಕೆಂದು ನಿರ್ಧರಿಸಿದೆ. ಬಯ್ಯಣ್ಣನಿಗೆ ತಿಳಿಸಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ತಪ್ಪೊಪ್ಪಿಗೆಯನ್ನು ಪಾಠದ ಟಿಪ್ಪಣಿಯಂತೆ ಸಿದ್ಧಮಾಡಿಕೊಂಡೆ: ಗುಂಡು ಹಗುರದ್ದಾಗಿತ್ತು, ಆಯ್ಕೆ ನನ್ನದು, ತಪ್ಪು ನನ್ನದು. ಹೋದಾಗ ಅವಳು ಬಾಗಿಲ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಒಂದು ಕಾಲನ್ನು ಉದ್ದಕ್ಕೆ ಚಾಚಿ, ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಏಳಲು ಹೊರಟಳು, ಬೇಡವೆಂದೆ. ‘ಅಶ್ವತ್ಥಮ್ಮ, ಆವತ್ತು ನಡೆದದ್ದು ನಿನಗೆ ಪೂರ್ತಿ ಗೊತ್ತಿಲ್ಲ,’ ಎಂದು ಆರಂಭಿಸಿದೆ.

‘ಗೊತ್ತಿಲ್ದೇ ಏನ್ ಮೇಷ್ಟ್ರೇ? ತುಪಾಕಿ ಸದ್ದು ಕೇಳಿಸ್ತು ನಂಗೆ,’ ಎಂದಳು ಅವಳು, ಬೀಜ ಬಿಡಿಸುವುದನ್ನು ನಿಲ್ಲಿಸದೆ. ‘ಭಯಾನೂ ಆಯ್ತು. ಒಳಕ್ಕೆ ಹೋಗೋದೋ ಬ್ಯಾಡವೋ ಅಂತ ಬದುಮೇಲೆ ನಿಂತ್ಕಂಡು ನೋಡ್ದೆ. ನೀವಿಬ್ರೂ ಹೊಂಗೆ ಮರದ ಕೆಳಗೆ ಆ ಕಡೆ ತಿರುಗಿ ಮಾತಾಡ್ತಾ ಇದ್ರಿ. ಏಟು ತಿಂದ ಹಂದಿ ಒಳಗಿದ್ದಿದ್ರೆ ಇಬ್ರಲ್ಲಿ ಒಬ್ರಾದ್ರೂ ಕೂಗ್ತಿರ್ಲಿಲ್ವಾ? ಓದ್ದೋರು ಬೇರೆ ಅವ್ರೆ. ಅಷ್ಟು ನಿದಾನ ನಿಂತು ಮಾತಾಡ್ತಾವ್ರೆ ಅಂದ್ಮೇಲೆ ಏನೂ ಭಯ ಇಲ್ಲ ಅಂದ್ಕಂಡು ಹೋದೆ.’

ಯಾಕೆ ಯಾರಿಗೂ ಹೇಳಲಿಲ್ಲ ಎಂದು ಕೇಳಿದೆ. ‘ಯಾರ್ಗೇಳಣ? ನಿಮ್ಮೊಲ ಬಿಟ್ರೆ ನಮ್ಮನೇರಿಗೆ ಬೇರೆ ಕೆಲ್ಸ ಎಲ್ಲೈತೆ?’ ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಕೈಯಲ್ಲಿದ್ದ ಹಣ್ಣನ್ನು ಮೊರಕ್ಕೆ ಹಾಕಿ, ಮೊದಲ ಸಲ ನನ್ನ ಮುಖವನ್ನು ನೋಡಿದಳು. ಬಹಳ ದಿನದಿಂದ ತಿಳಿಯಬೇಕೆಂದಿದ್ದ ಒಂದು ವಿಷಯವನ್ನು ತಿಳಿದವರಲ್ಲಿ ಕೇಳುವಂತೆ ಕೇಳಿದಳು.

‘ಅಲ್ಲಾ ಮೇಷ್ಟ್ರೇ, ಅಷ್ಟೊತ್ತು ಅಂಥಾದ್ದೇನ್ ಮಾತಾಡ್ತಿದ್ರಿ?’

ಹತ್ತು ಗುಲಗಂಜಿಯ ವಿಷಯವನ್ನು ಅವಳಿಗೆ ಹೇಳಲು ಬಾಯಿ ತೆರೆದೆ. ಚಾಚಿದ ಆ ಕಾಲು ನನ್ನ ಎದುರಿಗೇ ಇತ್ತು.

‘ಮಳೆ ಬಗ್ಗೆ,’ ಎಂದೆ.

‘ಹೂಂ, ಆ ವರ್ಷ ಮಳೇನೂ ಸರಿಯಾಗಿ ಬರ್ಲಿಲ್ಲ,’ ಎಂದು ಅವಳು ಇನ್ನೊಂದು ಹುಣಸೆಹಣ್ಣನ್ನು ಕೈಗೆತ್ತಿಕೊಂಡಳು.